ಮೇಜಿನ ಮೇಲೊಂದು ತುಂಗಭದ್ರೆ: ಹೊಳೆ ಕಾಯುವ ಆಟ ಆಡುವುದು ಹೇಗೆ?

ಗೊಂಬೆ ಸೈನ್ಯ ಇಟ್ಟು, ಟೇಪಿನಿಂದ ಅಳೆದು, ದಾಳ ಹಾಕಿ ಆಡುವ ಕಾಳಗಕ್ಕೆ ಮಿನಿಯೇಚರ್ ವಾರ್‌ಗೇಮ್ ಅಂತಾರೆ. ಹೊರದೇಶದ ಗೊಂಬೆ ತರಿಸಿದರೆ ಸಾವಿರಾರು ರೂಪಾಯಿ. ಗಂಗಾವತಿಯ ನಮ್ಮ ಮನೆಯಲ್ಲಿ ಚದುರಂಗದ ಕಾಯಿಗಳಲ್ಲೇ ಆಡುತ್ತೇವೆ. ಆನೆಗೊಂದಿ ಪಕ್ಕದಲ್ಲೇ ಇರುವಾಗ ಕಥೆಗೇನು ಬರ? ಹೊಳೆಯ ಈಚೆ ಕಿಷ್ಕಿಂಧೆಯ ವಾನರರು, ಆಚೆ ದಂಡೆತ್ತಿ ಬಂದ ರಾಕ್ಷಸರು.

ಮೊದಲು ಹೊಳೆ ಮಾಡಿಕೊಳ್ಳಿ. 4 ಅಡಿ ಉದ್ದ, 3 ಅಡಿ ಅಗಲದ ಪ್ಲೈವುಡ್ ಸಾಕು. ನಡುವೆ ಉದ್ದಕ್ಕೂ 6 ಇಂಚು ಅಗಲದ ಪಟ್ಟಿ ಎಳೆದು ಬಣ್ಣ ಬಳಿಯಿರಿ. ದಯವಿಟ್ಟು ನೀಲಿ ಬೇಡ. ಮಳೆಗಾಲದ ತುಂಗಭದ್ರೆ ಎಂದಾದರೂ ನೀಲಿ ಇದ್ದದ್ದುಂಟಾ? ಹಾಲು ಹಾಕಿದ ಚಹಾದ ಬಣ್ಣ ಅದು. ಬಣ್ಣ ಒಣಗಿದ ಮೇಲೆ ಫೆವಿಕಾಲ್ ತೆಳ್ಳಗೆ ಸವರಿ. ಬೆಳ್ಳಗಾಯಿತು ಅಂತ ಹೆದರಬೇಡಿ, ಒಣಗಿದಾಗ ನೀರಿನ ಹೊಳಪು ಬರುತ್ತದೆ.

ದಾಟಲು ಮೂರೇ ಜಾಗ. ಒಂದು, ಮೊಣಕಾಲುದ್ದ ನೀರಿನ ಪಟ್ಟಿ, ಹೊಳೆಗುಂಟ 8 ಇಂಚು. ಎರಡು, ಬಂಡೆಗಳ ಸಾಲು. ಅಂಗಳದ ಕಲ್ಲುಗಳನ್ನೇ ಅಂಟಿಸಿ. ವಾನರರು ಬಂಡೆಯಿಂದ ಬಂಡೆಗೆ ಹಾರಬಹುದು, ರಾಕ್ಷಸರು ಒಬ್ಬೊಬ್ಬರಾಗಿ ಹೋಗಬೇಕು. ಮೂರು, ಹರಿಗೋಲಿನ ದಡ. ಜಾಮ್ ಬಾಟಲಿಯ ಮುಚ್ಚಳವೇ ಹರಿಗೋಲು, ಒಂದಕ್ಕೆ ನಾಲ್ಕು ಜನ. ಒಟ್ಟು ಮೂರು ಇಡಿ. ಉಳಿದ ಕಡೆ ಮಡುವು, ಯಾರೂ ಇಳಿಯುವಂತಿಲ್ಲ.

ಎರಡು ಸೆಟ್ ಚದುರಂಗ ತಗೊಳ್ಳಿ. ಕಪ್ಪು 30 ರಾಕ್ಷಸರು, ಬಿಳಿ 18 ವಾನರರು. ಒಂಟೆ ಕಾಯಿಗಳು ಬಿಲ್ಲುಗಾರರು. ಕಿನ್ನಾಳದ ಗೊಂಬೆ ಇದ್ದರೆ ದಂಡೆಯ ಮೇಲೆ ರಾಜನಾಗಿ ಕೂರಿಸಿ, ಸುಮ್ನೆ ಅಂದಕ್ಕೆ. ಮೊದಲು ನಾವು ಎರಡೂ ಕಡೆ ಮೂವತ್ತು ಇಟ್ಟಿದ್ದೆವು. ಒಬ್ಬ ರಾಕ್ಷಸನೂ ದಾಟಲಿಲ್ಲ, ಆಟ ಬೇಸರ ಹಿಡಿಸಿತು. ಕಾಯುವವನ ಹತ್ತಿರ ಜನ ಕಡಿಮೆ ಇರಲೇಬೇಕು. ಎಲ್ಲಿ ಕಾಯಲಿ ಎಂಬ ತಲೆಬಿಸಿಯೇ ಈ ಆಟದ ರುಚಿ.

ಅದಕ್ಕೇ ಕಾಗದದ ಲೋಟಗಳು. ರಾಕ್ಷಸರ ಕಡೆಯವರು ಆರು ಚೀಟಿ ಮಾಡಿ, ಮೂರರಲ್ಲಿ 10 ಎಂದು ಬರೆದು, ಮೂರನ್ನು ಖಾಲಿ ಬಿಡಬೇಕು. ಒಂದೊಂದರ ಮೇಲೆ ಲೋಟ ಬೋರಲು ಹಾಕಿ, ಸೈನ್ಯದ ಬದಲು ಲೋಟಗಳನ್ನೇ ಹಿಂದಿನ ಅಂಚಿನಿಂದ ಸರಿಸುತ್ತಾ ಬರಬೇಕು. ನೀರಿಗಿಳಿಯುವಾಗ ಮಾತ್ರ ಲೋಟ ಎತ್ತಿ ಕಾಯಿ ಇಡುವುದು. ಇದೇನೂ ನನ್ನ ತಲೆಯಿಂದ ಬಂದದ್ದಲ್ಲ. 1565ರಲ್ಲಿ ವಿಜಯನಗರದ ಮೇಲೆ ದಂಡೆತ್ತಿ ಬಂದ ದಖ್ಖನಿನ ಸುಲ್ತಾನರು ಕೃಷ್ಣೆಯ ಹತ್ತಿರ ಇದನ್ನೇ ಮಾಡಿದರು ಅಂತ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಬೇರೆ ಕಡೆ ದಾಟುವವರಂತೆ ಹೊಳೆಗುಂಟ ನಡೆದರು. ವಿಜಯನಗರದವರು ಕಾವಲು ಬಿಟ್ಟು ಬೆನ್ನು ಹತ್ತಿದರು. ಸುಲ್ತಾನರು ತಟ್ಟನೆ ಹಿಂದೆ ಬಂದು ಮೊದಲಿನ ಜಾಗದಲ್ಲೇ ದಾಟಿದರು.

ಒಟ್ಟು 8 ಸುತ್ತು. 10 ರಾಕ್ಷಸರು ಈಚೆ ದಡ ಹತ್ತಿದರೆ ಅವರು ಗೆದ್ದಂತೆ. ನೆಲದ ಮೇಲೆ 6 ಇಂಚು, ನೀರಿನಲ್ಲಿ 3 ಇಂಚು ನಡಿಗೆ. ಬಾಣ 12 ಇಂಚು ಹೋಗುತ್ತದೆ. ನೆಲದಲ್ಲಿದ್ದವನಿಗೆ ದಾಳ 5 ಅಥವಾ 6 ಬಿದ್ದರೆ ತಾಗಿತು, ನೀರಿನಲ್ಲಿದ್ದವನಿಗೆ 4 ಬಿದ್ದರೂ ಸಾಕು. ಎದುರಾಬದುರಾ ನಿಂತರೆ ಇಬ್ಬರೂ ದಾಳ ಹಾಕಿ, ಜಾಸ್ತಿ ಬಿದ್ದವನು ಉಳಿದ. ದಡದ ಮೇಲಿನವನಿಗೆ ಒಂದು ಸೇರಿಸಿ. ಸಮ ಬಿದ್ದರೆ ಮೇಲೇರಿ ಬಂದವನು ಒಂದಿಂಚು ಹಿಂದಕ್ಕೆ.

ಹರಿಗೋಲು ಒಂದು ಸುತ್ತಿನಲ್ಲಿ 4 ಇಂಚು ಹೋಗುತ್ತದೆ. ಆದರೆ ಪ್ರತಿಸಲ ದಾಳ ಹಾಕಿ. 1 ಬಿದ್ದರೆ ಗಿರಗಿರನೆ ತಿರುಗಿ 3 ಇಂಚು ಕೆಳಕ್ಕೆ ತೇಲಿತು! ನಾಲ್ಕನೇ ಸುತ್ತಿನಿಂದ ಇನ್ನೊಂದು ದಾಳ. 6 ಬಿದ್ದರೆ ‘ಡ್ಯಾಂನಿಂದ ನೀರು ಬಿಟ್ಟರು’. ಮೊಣಕಾಲು ನೀರಿನ ದಾರಿ ಬಂದ್. ಅಲ್ಲಿ ನಿಂತ ಒಬ್ಬೊಬ್ಬರಿಗೂ ದಾಳ ಹಾಕಿ, 1ರಿಂದ 3 ಬಿದ್ದವರೆಲ್ಲ ಕೊಚ್ಚಿಹೋದರು.

ಹೋದ ಭಾನುವಾರ ಮೂರು ಲೋಟ ಹರಿಗೋಲಿನ ದಡಕ್ಕೆ ಬರುವುದು ನೋಡಿ ನಾನು ಹನ್ನೆರಡು ವಾನರರನ್ನು ಅಲ್ಲಿಗೇ ಓಡಿಸಿದೆ. ಅಕ್ಕನ ಮಗ ಒಂದೊಂದೇ ಲೋಟ ಎತ್ತಿದ. “ಖಾಲಿ ಐತಿ ಮಾಮಾ. ಇದೂ ಖಾಲಿ.” ಮೂರನೆಯದನ್ನು ಎತ್ತುವಷ್ಟರಲ್ಲಿ ಅವನಿಗೆ ನಗು ತಡೆಯಲಾಗಲಿಲ್ಲ.