ಎಲ್ಡರ್ ಸ್ಕ್ರೋಲ್ಸ್ ಕಥೆಯಲ್ಲಿ ಗೊಂದಲವಾದಾಗ ಹೀಗೆ ಮಾಡಿ

ಎಲ್ಡರ್ ಸ್ಕ್ರೋಲ್ಸ್ ಅನ್ನೋ ವಿಡಿಯೋ ಗೇಮ್ ಸರಣಿಯ ಲೋರ್ (ಆ ಲೋಕದ ಕಥೆ, ಇತಿಹಾಸ) ನೋಟ್ಸ್ ಬರೆಯುವವರಿಗೆ ಒಂದು ಸಲಹೆ. ಯಾವ ಸಂಗತಿ ಬರೆದರೂ ಪಕ್ಕದಲ್ಲೇ ಅದನ್ನು ಯಾರು ಹೇಳಿದ್ದು, ಯಾವ ಗೇಮಿನಲ್ಲಿ ಅಂತ ಹಾಕಿಡಿ.

ಆ ಲೋಕದ ಸಿರೋಡಿಲ್ ಅನ್ನೋ ಪ್ರಾಂತ್ಯ ನೋಡಿ. 1998ರ ರೆಡ್‌ಗಾರ್ಡ್ ಗೇಮ್ ಜೊತೆ ಬಂದ ಪುಸ್ತಿಕೆಯಲ್ಲಿ ಅದು ದಟ್ಟ ಕಾಡು. 2006ರಲ್ಲಿ ಆಬ್ಲಿವಿಯನ್ ಗೇಮ್ ತೆರೆದರೆ ಬರೀ ಹುಲ್ಲುಗಾವಲು, ಓಕ್ ಮರ! ಸ್ಕೈರಿಮ್ ಗೇಮಿನ ವೈಟ್‌ರನ್ ಊರಿನಲ್ಲಿ ಟಾಲೋಸ್ (ದೇವರಾದ ಚಕ್ರವರ್ತಿ) ಪ್ರತಿಮೆ ಎದುರು ಗಂಟಲು ಹರಿಯುವ ಹಾಗೆ ಕೂಗುವ ಪೂಜಾರಿ ಇದ್ದಾನಲ್ಲ, ಅವನ ಮಾತು ಪೂರ್ತಿ ಕೇಳಿದರೆ ಟಾಲೋಸನೇ ಕಾಡನ್ನು ಬದಲಿಸಿದ ಅನ್ನೋದು ಸಿಗುತ್ತದೆ. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನ ಒಂದು ಪುಸ್ತಕವೋ, ಕಾಡು ಅಂತ ಬರೆದದ್ದೇ ಹಳೆ ಬರಹ ನಕಲು ಮಾಡಿದವನ ತಪ್ಪು ಅನ್ನುತ್ತದೆ.

ನಾನು ಮೊದಲು ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತಿದ್ದೆ, ಆಮೇಲೆ ಹುಡುಕಿ ಹುಡುಕಿ ಸಾಕಾಯಿತು. ಈಗ ಎರಡೂ ಇಟ್ಟುಕೊಳ್ಳುತ್ತೇನೆ. ಕಣ್ಣಾರೆ ಕಂಡದ್ದಕ್ಕೆ ಒಂದು ಬಣ್ಣ, ಗೇಮಿನೊಳಗಿನ ಪುಸ್ತಕಕ್ಕೆ ಇನ್ನೊಂದು. ಆ ಪುಸ್ತಕ ಬರೆದವರೂ ಪಾತ್ರಗಳೇ, ಸುಳ್ಳು ಹೇಳಬಹುದು ಅಲ್ವಾ?

ಡ್ಯಾಗರ್‌ಫಾಲ್ ಗೇಮಿನ ಬೇರೆ ಬೇರೆ ಅಂತ್ಯಗಳಲ್ಲಿ ಯಾವುದು ನಿಜ ಅಂತ ಸುಮ್ನೆ ಜಗಳ ಆಡಬೇಡಿ. ಕಾಲವೇ ಮುರಿದು ಎಲ್ಲವೂ ಒಟ್ಟಿಗೆ ನಡೆಯಿತು ಅಂತ ಮುಂದಿನ ಗೇಮ್‌ಗಳು ತೇಪೆ ಹಾಕಿವೆ. ಹೀಗೆ ಕಾಲ ಮುರಿಯೋದಕ್ಕೆ ಡ್ರ್ಯಾಗನ್ ಬ್ರೇಕ್ ಅಂತಾರೆ. ನನಗಂತೂ ಆ ತೇಪೆ ಬಹಳ ಇಷ್ಟ.