14 ಪ್ಯಾರಾಮೀಟರಿನ ಮೆಥಡ್ ಮೂರಕ್ಕೆ ಇಳಿದದ್ದು

"ಓಡುವ ಕೋಡ್‌ಗೆ ಕೈ ಹಾಕಬೇಡ ಮಾರಾಯ" ಅಂತ ಆಫೀಸಿನಲ್ಲಿ ಹೇಳದವರಿಲ್ಲ. ಆದರೂ ಹಾಕಿದೆ. ಈಗ ಎರಡು ಮೀನುಗಾರಿಕೆ ಸೀಸನ್ ದಾಟಿ ಆಯಿತು, ಒಂದು ಬಿಲ್ಲೂ ವಾಪಸ್ ಬಂದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಮಂಗಳೂರಿನ ದಕ್ಕೆ (ಮೀನುಗಾರಿಕೆ ಬಂದರು), ಮಲ್ಪೆ ಕಡೆಯ ಮೀನು ಕಮಿಷನ್ ಏಜೆಂಟರಿಗೆ ನಾವು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವುದು, ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಬಿಲ್ ಹಾಕುವ ಕೋಡಿನ ತುಂಡು, ಅಂದರೆ ಮೆಥಡ್‌ಗೆ ಬೋಟು, ಮೀನು, ತೂಕ, ದರ, ಕಮಿಷನ್, ಕೂಲಿ, ಐಸ್, ಮುಂಗಡ ಇತ್ಯಾದಿ 14 ಪ್ಯಾರಾಮೀಟರ್ (ಕೊಡಬೇಕಾದ ಮಾಹಿತಿ), ಅದರ ಬಾಲದಲ್ಲಿ ಮೂರು ಬೂಲಿಯನ್ (ಹೌದು/ಅಲ್ಲ). ಕಮಿಷನ್ ಶೇಕಡಾ 5, ಕೂಲಿ ಬಾಕ್ಸಿಗೆ 8 ರೂಪಾಯಿ. ಎರಡೂ 'ಡಬಲ್' ಎಂಬ ದಶಮಾಂಶ ಸಂಖ್ಯೆಯ ಟೈಪ್, ಅಕ್ಕಪಕ್ಕ. ಹೊಸ ಸ್ಕ್ರೀನೊಂದರಲ್ಲಿ ಇವೆರಡು ಅದಲುಬದಲಾಗಿ ಹೋದಾಗ, ಓಡುವ ಮೊದಲೇ ಕೋಡಿನ ತಪ್ಪು ಹಿಡಿಯಬೇಕಾದ ಕಂಪೈಲರ್ ತುಟಿ ಪಿಟಕ್ಕೆನ್ನಲಿಲ್ಲ. ಅಂಜಲ್ ಮೀನು ಒಳ್ಳೆ ಸಿಕ್ಕುವ ವಾರ ಬೇರೆ. ಬೋಟಿನವರಿಗೆ ಕಡಿಮೆ ಹೋದ ದುಡ್ಡು ಕಟ್ಟಿಕೊಟ್ಟದ್ದು ನಮ್ಮ ಆಫೀಸು, ನನ್ನ ನೆನಪಿನಲ್ಲಿ ನಲವತ್ತು ಸಾವಿರದ ಆಸುಪಾಸು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಬಿಲ್ಲಿಂಗ್ ಬಹುತೇಕ ಬಂದ್. ಕೈ ಹಾಕಿದರೆ ಆಗಲೇ ಅಂತ ಹೊರಟೆ.

ಮೊದಲು ಎಲ್ಲವನ್ನೂ ಹೆಸರು-ಮಾಹಿತಿ ಜೋಡಿ ಇಡುವ ಒಂದು ಹ್ಯಾಶ್‌ಮ್ಯಾಪಿಗೆ ತುರುಕಿ ನೋಡಿದ್ದು. ಸಿಗ್ನೇಚರ್ (ಮೆಥಡಿನ ಹೆಸರು, ಪ್ಯಾರಾಮೀಟರುಗಳ ಸಾಲು) ಚಂದ ಕಂಡಿತು, ಆದರೆ ಕೀ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ನಲ್, ಅಂದರೆ ಖಾಲಿ. ಮೊದಲಾದರೂ ಕಂಪೈಲರ್ ಅರ್ಧ ಕಾಯುತ್ತಿತ್ತು, ಈಗ ಅದೂ ಇಲ್ಲ. ಆಮೇಲೆ ಬಿಲ್ಡರ್, ಅಂದರೆ ಒಂದೊಂದನ್ನೇ ಹೆಸರು ಹಿಡಿದು ಕೊಟ್ಟು ಕೊನೆಗೆ ಕಟ್ಟುವ ಬಗೆ. ಓದಲಿಕ್ಕೆ ಸುಖ, ಸುಳ್ಳಲ್ಲ. ಆದರೆ ದರ ಕೊಡಲು ಮರೆತರೂ ಕಂಪೈಲ್ ಆಗುತ್ತದೆ, ಸಿಕ್ಕಿಬೀಳುವುದು ಓಡುವಾಗ. ಈಗ ಬಿಲ್ಡರನ್ನು ಟೆಸ್ಟ್ ಡೇಟಾಕ್ಕೆ ಮಾತ್ರ ಉಳಿಸಿಕೊಂಡಿದ್ದೇನೆ.

ಕೆಲಸಕ್ಕೆ ಬಂದದ್ದು ಪ್ಯಾರಾಮೀಟರ್ ಆಬ್ಜೆಕ್ಟ್, ಅಂದರೆ ಹಲವು ಪ್ಯಾರಾಮೀಟರುಗಳ ಒಂದು ಕಟ್ಟು. ಎಲ್ಲ ಸೇರಿಸಿ ಒಂದೇ ದೊಡ್ಡದು ಮಾಡಿದರೆ ಅದು ಗೋಣಿಚೀಲ. ಯಾವಾಗಲೂ ಜೊತೆಗೇ ತಿರುಗುವವನ್ನು ಮಾತ್ರ ಕಟ್ಟಬೇಕು: ಬೋಟು, ಮೀನು, ತೂಕ, ದರ ಸೇರಿ 'ಲಾಟ್', ಕೂಲಿ, ಐಸ್, ಮುಂಗಡ ಸೇರಿ 'ಕಡಿತ'. ಜಾವಾ 17ಕ್ಕೆ ಏರಿದ್ದರಿಂದ ಎರಡೂ ರೆಕಾರ್ಡ್ (ಒಮ್ಮೆ ತುಂಬಿದರೆ ಬದಲಾಗದ ಡೇಟಾ ಕಟ್ಟು), ತೂಕ ಸೊನ್ನೆಯಾದರೆ ಅದನ್ನು ಹುಟ್ಟಿಸುವ ಕನ್‌ಸ್ಟ್ರಕ್ಟರಿನಲ್ಲೇ ತಡೆ. ಶೇಕಡಾ ಮತ್ತು ರೂಪಾಯಿಗೆ ಬೇರೆ ಬೇರೆ ಟೈಪ್, ಒಳಗೆ ದಶಮಾಂಶವನ್ನು ನಿಖರವಾಗಿ ಇಡುವ ಬಿಗ್‌ಡೆಸಿಮಲ್. ಇನ್ನು ಅದಲುಬದಲು ಮಾಡಿ ನೋಡಿ, ಕಂಪೈಲೇ ಆಗುವುದಿಲ್ಲ. ಬೂಲಿಯನ್ ಮೂರೂ ಕಮಿಷನ್ ಲೆಕ್ಕದ್ದೇ ಆಗಿದ್ದವು, ಲೆಕ್ಕದ ವಿಧಾನವನ್ನೇ ಒಳಗಿಟ್ಟುಕೊಳ್ಳುವ ಸ್ಟ್ರಾಟೆಜಿ ಇಂಟರ್‌ಫೇಸ್ ಒಂದು ಅವನ್ನೆಲ್ಲ ನುಂಗಿತು. ಅಲ್ಲಿಗೆ ಲಾಟ್, ಕಡಿತ, ಸ್ಟ್ರಾಟೆಜಿ ಅಂತ ಮೂರೇ ಪ್ಯಾರಾಮೀಟರ್.

ಯಾವುದು ಯಾವುದರ ಜೊತೆ ತಿರುಗುತ್ತದೆ ಅಂತ ಕಂಡುಹಿಡಿಯಲು ನನ್ನದೊಂದು ಸ್ಕ್ರಿಪ್ಟ್ ಉಂಟು. ಅದನ್ನು ಇಲ್ಲಿ ಹಾಕುವುದಿಲ್ಲ, ಹೊಟ್ಟೆಪಾಡು.

ಹಳೆ ಮೆಥಡನ್ನು ಅಳಿಸಲಿಲ್ಲ. ಡೆಪ್ರಿಕೇಟೆಡ್ (ಇನ್ನು ಬಳಸಬೇಡಿ) ಅಂತ ಹಾಕಿ, ಅದು ಹೊಸದನ್ನೇ ಕರೆಯುವ ಹಾಗೆ ಮಾಡಿದೆ. ಇನ್ನೂರರಷ್ಟು ಕಡೆಯಿಂದ ಕರೆಯುತ್ತಿದ್ದರು, ನಿಧಾನಕ್ಕೆ ಒಂದೊಂದೇ ಬದಲಾಯಿತು. ಇಷ್ಟು ಆಬ್ಜೆಕ್ಟ್ ಹುಟ್ಟಿದರೆ ಬೇಡದ ಮೆಮೊರಿ ಗುಡಿಸುವ ಗಾರ್ಬೇಜ್ ಕಲೆಕ್ಟರ್ ಸಾಯುತ್ತದೆ ಅಂದ ಸೀನಿಯರ್ ಒಬ್ಬರಿದ್ದರು. ಆಗಸ್ಟ್ ರಶ್ಶಿನಲ್ಲಿ ಅಳೆದು ತೋರಿಸಿದೆ, ಬಿಲ್ಲಿನ ಸಮಯದಲ್ಲಿ ವ್ಯತ್ಯಾಸ ಕಾಣಲೇ ಇಲ್ಲ. ಈಗ ಅವರ ಮಾಡ್ಯೂಲಿನಲ್ಲೂ ರೆಕಾರ್ಡ್ ಬಂದಿದೆ, ನನ್ನ ಹೆಸರು ಮಾತ್ರ ಹೇಳುವುದಿಲ್ಲ.

ನಡುವೆ ಜಾವಾದ ಜೊತೆ ಓಡುವ ಕಾಟ್ಲಿನ್ ಭಾಷೆಯ ಹುಚ್ಚೂ ಹತ್ತಿತ್ತು. ಹೆಸರು ಹೇಳಿ ಆರ್ಗ್ಯುಮೆಂಟ್ ಕೊಡಬಹುದು, ಕೊಡದಿದ್ದರೆ ತಾನೇ ಹಿಡಿಯುವ ಡಿಫಾಲ್ಟ್ ವ್ಯಾಲ್ಯೂ ಕೂಡ ಉಂಟು. ಆದರೆ ಜಾವಾದಿಂದ ಕರೆದರೆ ಆ ಹೆಸರಿನ ಸೌಕರ್ಯ ಇಲ್ಲ, ನಮ್ಮ ಸ್ಕ್ರೀನೆಲ್ಲ ಜಾವಾ. ಬಿಟ್ಟೆ.

ಎಸ್‌ಎಂಎಸ್ ಕಳಿಸುವ ಹೊರಗಿನ ಲೈಬ್ರರಿ ಈಗಲೂ ಎಂಟು ಪ್ಯಾರಾಮೀಟರ್ ಕೇಳುತ್ತದೆ. ಅದರ ಎದುರು ಫೆಸಾಡ್ ಅಂತ ಒಂದು ಸರಳ ಮುಖ ನಿಲ್ಲಿಸಿ, ಅದಕ್ಕೆ ಮೊಬೈಲ್ ನಂಬರ್ ಮತ್ತು ಬಿಲ್ ಎರಡನ್ನೇ ಕೊಡುತ್ತೇನೆ.