ಅನುಬಿಯಾಸ್ ಮರಳಲ್ಲಿ ಹೂಳಬೇಡಿ, ಕಲ್ಲಿಗೆ ಅಂಟಿಸಿ
ಮನೆಯ ಸಣ್ಣ ಅಕ್ವೇರಿಯಂಗೆ ಅನುಬಿಯಾಸ್, ಜಾವಾ ಫರ್ನ್‌ನಂಥ ನೀರುಗಿಡ ತಂದಿದ್ದರೆ ಮರಳಲ್ಲಿ ನೆಡಬೇಡಿ. ಒಂದು ಹನಿ ಫೆವಿಕ್ವಿಕ್ ಹಾಕಿ ಕಲ್ಲಿಗೋ ಮರದ ತುಂಡಿಗೋ ಅಂಟಿಸಿಬಿಡಿ. ಇವುಗಳ ಶುಂಠಿಯಂಥ ದಪ್ಪ ಕಾಂಡ ಮರಳಡಿ ಹೂತುಹೋದರೆ ಕೊಳೆಯುತ್ತದೆ. ಗೊಬ್ಬರ, ಪೋಷಣೆ ಎಲ್ಲ ನೀರಿನಿಂದಲೇ ಹೀರಿಕೊಳ್ಳುತ್ತವೆ, ಮಣ್ಣು ಬೇಕಿಲ್ಲ. ಅಂಟಿಸುವ ಮುಂಚೆ ಕಾಂಡ, ಕಲ್ಲು ಎರಡನ್ನೂ ಬಟ್ಟೆಯಿಂದ ಒತ್ತಿ ಒರೆಸಿ. ಸ್ವಲ್ಪ ತೇವ ಇದ್ದರೆ ಒಳ್ಳೆಯದೇ, ಅಂಟು ಬೇಗ ಗಟ್ಟಿಯಾಗುತ್ತದೆ. ನೀರು ತೊಟ್ಟಿಕ್ಕುತ್ತಿದ್ದರೆ ಮಾತ್ರ ಬೆಳ್ಳಗಾಗಿ ಕಳಚಿಕೊಳ್ಳುತ್ತದೆ. ಪೂರ್ತಿ ಗಟ್ಟಿಯಾದ ಅಂಟಿನಿಂದ ಮೀನಿಗೆ ತೊಂದರೆ ಇಲ್ಲ. ಬಿಳಿ ಕಲೆ ಕಣ್ಣಿಗೆ ಹೊಡೆದರೆ ಮೇಲೊಂದು ಚೂರು ಜಾವಾ ಮಾಸ್ (ಪಾಚಿಯಂಥ ನೀರುಗಿಡ) ಅಂಟಿಸಿ, ಮುಚ್ಚಿಹೋಗುತ್ತದೆ. ವ್ಯಾಲಿಸ್ನೇರಿಯಾ, ಅಮೆಜಾನ್ ಸ್ವೋರ್ಡ್ ಗಿಡಗಳಿಗೆ ಈ ಉಪಾಯ ನಡೆಯಲ್ಲ. ಅವಕ್ಕೆ ಬೇರು ಬಿಡೋಕೆ ಮಣ್ಣೋ ಮರಳೋ ಬೇಕೇ ಬೇಕು.